ರೇಡಿಯೇಟರ್‌ನಲ್ಲಿ ಕಪ್ಪು ನೀರು: ಔಷಧಿ ಸುರಿಯುವ ಮೊದಲು ಗಾಳಿಯ ದಾರಿ ಹುಡುಕಿ

ಬ್ರಿಟನ್ನಿನಲ್ಲಿ ಅಕ್ಟೋಬರ್ ಬಂತೆಂದರೆ ಹೀಟಿಂಗ್ ಆನ್ ಆಗುತ್ತದೆ, ದೂರುಗಳೂ ಶುರುವಾಗುತ್ತವೆ. ಹಾಲ್‌ನ ರೇಡಿಯೇಟರ್ ಮೇಲ್ಗಡೆ ಕೈ ಸುಡುತ್ತೆ, ಕೆಳಗಡೆ ತಣ್ಣಗೆ. ವಾರ ವಾರ ಬ್ಲೀಡ್ ಮಾಡಿದರೂ, ಅಂದರೆ ಸಣ್ಣ ಕೀಯಿಂದ ಗಾಳಿ ಹೊರಗೆ ಬಿಟ್ಟರೂ, ಮತ್ತೆ ಗಾಳಿ. ಬಾಯ್ಲರ್ ಪ್ರೆಶರ್ ಸುಮ್ನೆ ಇಳಿಯುತ್ತಾ ಹೋಗುತ್ತೆ. ಇಲ್ಲಿ ಮನೆ ಕೊಂಡ ನಮ್ಮವರ ಬಾಯಲ್ಲಿ ಪ್ರತಿ ಚಳಿಗಾಲ ಈ ಮಾತುಗಳೇ. ಮೂರರ ಹಿಂದೆಯೂ ಬಹಳ ಸಲ ಇರುವುದು ಒಳಗಿನ ತುಕ್ಕು, ನೀರನ್ನು ಕಪ್ಪಾಗಿಸುವುದೂ ಅದೇ.

ಇದಕ್ಕೆ ಸಿಗುವ ಸಲಹೆಯೂ ಒಂದೇ: ಪವರ್ ಫ್ಲಶ್ ಮಾಡಿಸಿ (ಯಂತ್ರದಿಂದ ನೀರು ಹಾಯಿಸಿ ಒಳಗಿನ ಕೆಸರು ತೊಳೆಸುವುದು), ಇನ್‌ಹಿಬಿಟರ್ ಹಾಕಿಸಿ. ಸಲಹೆ ತಪ್ಪಲ್ಲ, ಆದರೆ ಅರ್ಧ. ಗಾಳಿ ಒಳಗೆ ಬರುವ ದಾರಿ ಮುಚ್ಚದೆ ತುಕ್ಕು ತಡೆಯುವ ಔಷಧಿ ಸುರಿದರೆ, ಒಂದೆರಡು ಚಳಿಗಾಲದಲ್ಲಿ ಮತ್ತೆ ಅದೇ ಕಪ್ಪು ನೀರು.

ಶುರು ಮಾಡುವ ಮುಂಚೆ ಒಂದು ಗೆರೆ ಎಳೆದುಕೊಳ್ಳಿ. ರೇಡಿಯೇಟರ್, ವಾಲ್ವ್, ಕೆಸರು ಹಿಡಿಯುವ ಮ್ಯಾಗ್ನೆಟಿಕ್ ಫಿಲ್ಟರ್, ಲಾಫ್ಟ್‌ನ (ಸೂರಿನಡಿಯ ಅಟ್ಟದ) ಟ್ಯಾಂಕ್, ಇವನ್ನೆಲ್ಲ ನೀವೇ ನೋಡಬಹುದು. ಗ್ಯಾಸ್ ಬಾಯ್ಲರ್‌ನ ಕವರ್ ಬಿಚ್ಚುವ ಕೆಲಸ ಮಾತ್ರ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವ ಎಂಜಿನಿಯರ್‌ಗೆ ಬಿಡಿ.

ಮೊದಲು ಒಂದು ಲೆಕ್ಕ

ಊರಲ್ಲಿ ಗೀಸರ್ ನೋಡಿ ಬೆಳೆದವರಿಗೆ ಬಿಸಿನೀರಿನ ಶತ್ರು ಎಂದರೆ ಬಿಳಿ ಸುಣ್ಣ. ಅಲ್ಲಿ ಬೋರ್‌ವೆಲ್ ನೀರು ದಿನಾ ಹೊಸದಾಗಿ ಒಳಗೆ ಬರುತ್ತದೆ, ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಸೆಂಟ್ರಲ್ ಹೀಟಿಂಗ್ ಹಾಗಲ್ಲ. ಬಾಯ್ಲರ್, ಪೈಪು, ರೇಡಿಯೇಟರ್‌ಗಳ ನಡುವೆ ಅದೇ ನೀರು ವರ್ಷಗಟ್ಟಲೆ ಸುತ್ತುತ್ತದೆ. ಮೂರು ಬೆಡ್‌ರೂಮಿನ ಮನೆಯಲ್ಲಿ ಅದು ಸುಮಾರು 100 ಲೀಟರ್ ಇರುತ್ತದೆ. ಆ ನೀರಿನಲ್ಲಿದ್ದ ಸುಣ್ಣ ಒಮ್ಮೆ ಕೂತರೆ ಮುಗಿಯಿತು. ಅದರಲ್ಲಿ ಕರಗಿದ್ದ ಆಮ್ಲಜನಕವೂ ಒಮ್ಮೆ ಕಬ್ಬಿಣಕ್ಕೆ ಅಂಟಿಕೊಂಡರೆ ಮುಗಿಯಿತು.

10 ಡಿಗ್ರಿಯ ನಲ್ಲಿ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 100 ಲೀಟರಿಗೆ ಒಂದು ಗ್ರಾಂ ಚಿಲ್ಲರೆ. ಅಷ್ಟೂ ಕಬ್ಬಿಣವನ್ನೇ ತಿಂದು ಮ್ಯಾಗ್ನೆಟೈಟ್ ಎಂಬ ಕಪ್ಪು ತುಕ್ಕಾದರೆ, ಹೋಗುವ ಕಬ್ಬಿಣ 3 ಗ್ರಾಂ. ಸಿಗುವ ಕಪ್ಪು ಪುಡಿ 4 ಗ್ರಾಂ. ಒಂದು ಟೀ ಚಮಚವೂ ತುಂಬುವುದಿಲ್ಲ! ಆದರೆ ಹಾಳಾದ ರೇಡಿಯೇಟರ್ ಒಂದನ್ನು ಬಿಚ್ಚಿ ಅಂಗಳದಲ್ಲಿ ತೊಳೆದರೆ ಕೆಸರು ಬೊಗಸೆಗಟ್ಟಲೆ ಬರುತ್ತದೆ. ಅಷ್ಟಕ್ಕೆ ಬೇಕಾದ ಆಮ್ಲಜನಕ ಮೊದಲ ದಿನದ ನೀರಿನಲ್ಲಿ ಇರಲಿಲ್ಲ. ಆಮೇಲೆ ಎಲ್ಲಿಂದಲೋ ಬರುತ್ತಲೇ ಇತ್ತು.

ಇನ್ನೊಂದು ಲೆಕ್ಕ ನೋಡಿ. ಎಲ್ಲೋ ಸೋರಿಕೆಯಾಗಿ ದಿನಕ್ಕೆ 5 ಲೀಟರ್ ಹೊಸ ನೀರು ಒಳಗೆ ಸೇರುತ್ತಿದೆ ಎಂದುಕೊಳ್ಳಿ. ವರ್ಷಕ್ಕೆ 1,800 ಲೀಟರ್ ಚಿಲ್ಲರೆ, 20 ಗ್ರಾಂ ಆಮ್ಲಜನಕ, 50 ಗ್ರಾಂ ಮೀರಿ ಕಬ್ಬಿಣ. ರೇಡಿಯೇಟರ್ ತೂಕಕ್ಕೆ ಹೋಲಿಸಿದರೆ ಇದೂ ಜಾಸ್ತಿ ಅನ್ನಿಸುವುದಿಲ್ಲ. ಆದರೆ ತುಕ್ಕು ಎಲ್ಲ ಕಡೆ ಸಮನಾಗಿ ತಿನ್ನುವುದಿಲ್ಲ. ಕೆಸರು ಕೂತ ಜಾಗದ ಅಡಿಯಲ್ಲಿ, ಬೆಸುಗೆಯ ಅಂಚಿನಲ್ಲಿ, ಒಂದೇ ಕಡೆ ಕೊರೆಯುತ್ತದೆ. ಪ್ಯಾನೆಲ್ ತಗಡಿನ ದಪ್ಪ 1.2 ಮಿಲಿಮೀಟರ್ ಆಸುಪಾಸು ಅಷ್ಟೇ. ಸೂಜಿಮೊನೆಯ ತೂತಿಗೆ ಎಷ್ಟು ಕಬ್ಬಿಣ ಹೋಗಬೇಕು?

ಹಾಗಂತ ವರ್ಷಕ್ಕೊಮ್ಮೆ ಒಂದು ಲೀಟರ್ ತುಂಬಿಸಿದ್ದಕ್ಕೆ ಗಾಬರಿ ಬೇಡ. ವಾರ ವಾರ ತುಂಬಿಸುತ್ತಿದ್ದರೆ ಮಾತ್ರ ಮುಂದೆ ಓದಿ.

ಕೈಯಿಂದ ಮುಟ್ಟಿ ನೋಡುವುದು

ಹೀಟಿಂಗ್ ಆನ್ ಮಾಡಿ, ಎಲ್ಲ ವಾಲ್ವ್ ಪೂರ್ತಿ ತೆರೆದು, ಅರ್ಧ ಗಂಟೆ ಬಿಡಿ. ಆಮೇಲೆ ಒಂದೊಂದೇ ರೇಡಿಯೇಟರ್ ಮುಟ್ಟುತ್ತಾ ಬನ್ನಿ. ಕೈ ಜೋಪಾನ.

ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿಯೋ ಅನಿಲವೋ ಸೇರಿದೆ. ಮೇಲೆ ಮತ್ತು ಎರಡು ಬದಿ ಬಿಸಿ, ಕೆಳಗಡೆ ನಡುಭಾಗ ತಣ್ಣಗಿದ್ದರೆ ಕೆಸರು ಕೂತಿದೆ. ಇದು ತುಕ್ಕಿನ ಸಹಿ ಇದ್ದಂತೆ, ತಪ್ಪುವುದು ಕಡಿಮೆ.

ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದರೆ ಕೆಸರನ್ನು ಬೈಯುವ ಮೊದಲು ಟಿಆರ್‌ವಿ ನೋಡಿ. ಅಂದರೆ ತಿರುಗಿಸುವ ತಲೆಯಿರುವ ಥರ್ಮೋಸ್ಟಾಟ್ ವಾಲ್ವ್. ತಲೆ ಬಿಚ್ಚಿದರೆ ಒಂದು ಸಣ್ಣ ಕಡ್ಡಿ ಕಾಣುತ್ತದೆ. ಒತ್ತಿದರೆ ಒಳಗೆ ಹೋಗಿ ತಾನೇ ಮೇಲೆ ಬರಬೇಕು. ಬೇಸಿಗೆಯಿಡೀ ಮುಚ್ಚಿಟ್ಟರೆ ಅದು ಒಳಗೇ ಅಂಟಿಕೊಳ್ಳುವುದು ಮಾಮೂಲಿ. ಬದಿಗೆ ಮೆಲ್ಲಗೆ ತಟ್ಟಿ, ಒತ್ತಿ ಬಿಡಿ. ಇಕ್ಕಳ ಹಾಕಿ ಎಳೆಯಬೇಡಿ. ಕಡ್ಡಿ ಕೈಗೆ ಬಂದರೆ ಹಿಂದೆಯೇ ನೀರೂ ಬರುತ್ತದೆ.

ಕಾಂಬಿ ಬಾಯ್ಲರ್ (ಹೀಟಿಂಗ್, ನಲ್ಲಿಯ ಬಿಸಿನೀರು ಎರಡನ್ನೂ ಕೊಡುವ ಬಾಯ್ಲರ್) ಇದ್ದವರು ಇನ್ನೊಂದು ಗಮನಿಸಿ. ಶವರ್ ನೀರು ಒಮ್ಮೆ ಬಿಸಿ, ಒಮ್ಮೆ ಉಗುರು ಬೆಚ್ಚಗೆ ಆಗುತ್ತಿದ್ದರೆ, ಹೀಟಿಂಗ್ ನೀರಿನ ಬಿಸಿಯನ್ನು ನಲ್ಲಿ ನೀರಿಗೆ ದಾಟಿಸುವ, ಒಳಗಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಂಡಿರಬಹುದು. ಒಂದು ಬದಿಯಲ್ಲಿ ರೇಡಿಯೇಟರ್ ಕೆಸರು, ಇನ್ನೊಂದು ಬದಿಯಲ್ಲಿ ನಲ್ಲಿ ನೀರಿನ ಸುಣ್ಣ. ಎರಡೂ ಸಾಧ್ಯ.

ನೀರಿನ ಬಣ್ಣ

ಬ್ಲೀಡ್ ಕೀಯಿಂದ ಬರುವ ಎರಡು ಹನಿ ನೋಡಿ ತೀರ್ಮಾನಕ್ಕೆ ಬರಬೇಡಿ. ನೀರು ಖಾಲಿ ಮಾಡುವ ಡ್ರೈನ್ ಕಾಕ್‌ನಿಂದಲೋ ಫಿಲ್ಟರ್‌ನಿಂದಲೋ ಮೊದಲ ಒಂದು ಕಪ್ ನೀರು ಚೆಲ್ಲಿ, ಆಮೇಲಿನದನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ರಾತ್ರಿ ಹಾಗೇ ಇಡಿ.

ಕಪ್ಪು ನೀರು ಎಂದರೆ ಮ್ಯಾಗ್ನೆಟೈಟ್. ಆಮ್ಲಜನಕ ಕಡಿಮೆ ಇರುವಾಗ ಹುಟ್ಟುವ ತುಕ್ಕು. ಬಾಟಲಿಯ ಹೊರಗೆ ಅಯಸ್ಕಾಂತ ಹಿಡಿದರೆ ಪುಡಿ ಅದರ ಹಿಂದೆಯೇ ಓಡುತ್ತದೆ. ಕೆಂಪು ಅಥವಾ ಕಿತ್ತಳೆ ನೀರು ಬಂದರೆ ಹೆಚ್ಚು ಎಚ್ಚರ ಬೇಕು. ಕಪ್ಪು ಹಳೆಯ ಕಥೆಯೂ ಆಗಿರಬಹುದು, ಆದರೆ ಕೆಂಪು ಎಂದರೆ ಹೊಸ ಆಮ್ಲಜನಕ ಈಗಲೂ ಬರುತ್ತಿದೆ. ತಿಳಿ ನೀರು, ತಳದಲ್ಲಿ ಚಿಟಿಕೆ ಪುಡಿ ಇದ್ದರೆ ಚಿಂತೆ ಬೇಡ. ಲೋಳೆ ಲೋಳೆಯಾಗಿ ವಾಸನೆ ಬಂದರೆ ಅದು ಸೂಕ್ಷ್ಮಜೀವಿಗಳ ಕೆಲಸ. ಹೀಟ್ ಪಂಪ್, ಅಂಡರ್‌ಫ್ಲೋರ್ ಹೀಟಿಂಗ್‌ನಂಥ ಕಡಿಮೆ ಬಿಸಿಯ ವ್ಯವಸ್ಥೆಗಳಲ್ಲಿ ಇದು ಕಾಣಿಸುತ್ತದೆ. ಅದಕ್ಕೆ ಇನ್‌ಹಿಬಿಟರ್ ಜೊತೆ ಅವನ್ನು ಕೊಲ್ಲುವ ಬಯೋಸೈಡ್ ಕೂಡ ಬೇಕು.

ನೀರಿನಲ್ಲಿ ಇನ್‌ಹಿಬಿಟರ್ ಉಳಿದಿದೆಯಾ ಎಂದು ನೋಡಲು ಹಳೆಯ ಮೊಳೆ ಪರೀಕ್ಷೆ ಇದೆ. ಹೊಳೆಯುವ ಎರಡು ಕಬ್ಬಿಣದ ಮೊಳೆ ತೆಗೆದುಕೊಳ್ಳಿ, ಸತು ಲೇಪಿಸಿದ್ದು ಬೇಡ. ಒಂದನ್ನು ನಲ್ಲಿ ನೀರಿನಲ್ಲಿ, ಇನ್ನೊಂದನ್ನು ರೇಡಿಯೇಟರ್ ನೀರಿನಲ್ಲಿ ಕೆಲವು ದಿನ ಇಡಿ. ಎರಡಕ್ಕೂ ಒಂದೇ ಥರ ತುಕ್ಕು ಹಿಡಿದರೆ ಔಷಧಿ ಇಲ್ಲವೇ ಇಲ್ಲ ಎಂದರ್ಥ. ಹೌದು/ಇಲ್ಲ ಎನ್ನುವಷ್ಟಕ್ಕೆ ಇದು ಸಾಕು, ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಆಯಾ ಕಂಪನಿಯ ಟೆಸ್ಟ್ ಕಿಟ್ ಬೇಕು. ಹಲವು ಇನ್‌ಹಿಬಿಟರ್‌ಗಳಲ್ಲಿ ಮಾಲಿಬ್ಡೇಟ್ ಎಂಬ ಲವಣ ಇರುತ್ತದೆ, ಕಿಟ್ ಅಳೆಯುವುದು ಅದನ್ನೇ. ಒಂದು ಕಂಪನಿಯ ಕಿಟ್‌ನಲ್ಲಿ ಇನ್ನೊಂದರ ಔಷಧಿ ಅಳೆದರೆ ಸುಳ್ಳು ಉತ್ತರ ಬರಬಹುದು.

ಮತ್ತೆ ಮತ್ತೆ ಬ್ಲೀಡ್ ಮಾಡಬೇಕಾದರೆ

ಇಲ್ಲೇ ಬಹಳ ಜನ ಎಡವುತ್ತಾರೆ. ಬಾಯ್ಲರ್ ಮೇಲೆ ಪ್ರೆಶರ್ ಗೇಜ್ ಇದ್ದು, ಲಾಫ್ಟ್‌ನಲ್ಲಿ ಸಣ್ಣ ಟ್ಯಾಂಕ್ ಇಲ್ಲದಿದ್ದರೆ ನಿಮ್ಮದು ಸೀಲ್ಡ್ ಸಿಸ್ಟಂ. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು. ಸಣ್ಣ ತೂತಿದ್ದರೂ ನೀರು ಹೊರಗೆ ಬರುತ್ತದೆಯೇ ಹೊರತು ಗಾಳಿ ಒಳಗೆ ನುಗ್ಗುವುದಿಲ್ಲ. ಹಾಗಿದ್ದರೆ ರೇಡಿಯೇಟರ್ ತಲೆಯಲ್ಲಿ ಸೇರುವುದೇನು? ಎರಡು ಸಾಧ್ಯತೆ. ಒಂದು, ತುಂಬಿಸಿದ ಹೊಸ ನೀರು ಬಿಸಿಯಾದಾಗ ಬಿಡುವ ಗಾಳಿ. ಇನ್ನೊಂದು ಹೈಡ್ರೋಜನ್. ಆಮ್ಲಜನಕ ಮುಗಿದ ಮೇಲೂ ಕಬ್ಬಿಣ ನೀರಿನ ಜೊತೆಗೇ ನಿಧಾನವಾಗಿ ವರ್ತಿಸಿ ಮ್ಯಾಗ್ನೆಟೈಟ್ ಆಗುತ್ತದೆ, ಆಗ ಹೈಡ್ರೋಜನ್ ಹೊರಬರುತ್ತದೆ. ನೀರು ತುಂಬಿಸದೇ ಇದ್ದಾಗಲೂ ಮತ್ತೆ ಮತ್ತೆ ಅನಿಲ ಸೇರಿದರೆ ಇದರ ಮೇಲೇ ಅನುಮಾನ. ಬೆಂಕಿಕಡ್ಡಿ ಹಿಡಿದು ಉರಿಯುತ್ತದಾ ನೋಡುವ ಹಳೆಯ ಪ್ಲಂಬರ್‌ಗಳ ಆಟ ಬೇಡ. ಅದು ಉರಿಯುತ್ತದೆ.

ಒತ್ತಡ ಎಷ್ಟಿದ್ದರೂ ಗಾಳಿ ಒಳಗೆ ಬರುವ ಒಂದು ಕಳ್ಳದಾರಿ ಮಾತ್ರ ಇದೆ: ಪ್ಲಾಸ್ಟಿಕ್ ಪೈಪು. ಆಮ್ಲಜನಕ ಪ್ಲಾಸ್ಟಿಕ್ ಗೋಡೆಯ ಮೂಲಕವೇ ನುಸುಳಬಲ್ಲದು. ಒಳಗಿನ ನೀರಿನಲ್ಲಿ ಆಮ್ಲಜನಕ ಇಲ್ಲ, ಹೊರಗಿನ ಗಾಳಿಯಲ್ಲಿ ಬೇಕಾದಷ್ಟಿದೆ, ಅಷ್ಟು ಸಾಕು. ಅದಕ್ಕೇ ಈಗಿನ ಹೀಟಿಂಗ್ ಪೈಪುಗಳಲ್ಲಿ ಆಮ್ಲಜನಕ ತಡೆಯುವ ಪದರ ಇರುತ್ತದೆ. ಮೇಲೆ ಬ್ಯಾರಿಯರ್ ಎಂದು ಅಚ್ಚು ಹಾಕಿರುತ್ತಾರೆ. ಹಳೆಯ ಮನೆಯಲ್ಲಿ ನೆಲದಡಿ ಬ್ಯಾರಿಯರ್ ಇಲ್ಲದ ಪ್ಲಾಸ್ಟಿಕ್ ಇದ್ದರೆ ಸೋರಿಕೆ ಹುಡುಕಿ ಪ್ರಯೋಜನವಿಲ್ಲ. ಪೈಪು ಬದಲಿಸಬೇಕು, ಇಲ್ಲವೇ ಆ ಭಾಗವನ್ನು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಹಾಕಿ ಬೇರೆ ಮಾಡಬೇಕು.

ಪ್ರೆಶರ್ ಇಳಿಯುತ್ತಿದ್ದರೆ ನೀರು ಎಲ್ಲಿಗೆ ಹೋಯಿತು?

ತಣ್ಣಗಿರುವಾಗ ಗೇಜ್ 1ರಿಂದ 1.5 ಬಾರ್ ತೋರಿಸಬೇಕು. ಬಿಸಿಯಾದಾಗ ಸ್ವಲ್ಪ ಏರುತ್ತದೆ. ಅದು 3 ಬಾರ್ ಹತ್ತಿರ ಹೋಗಿ, ತಣ್ಣಗಾದ ಮೇಲೆ ಸೊನ್ನೆಯ ಬಳಿ ಬಂದರೆ ಎಕ್ಸ್‌ಪ್ಯಾನ್ಶನ್ ವೆಸೆಲ್ ಕೆಟ್ಟಿದೆ. ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ ಗಾಳಿಯ ಡಬ್ಬಿ ಅದು. ಡಬ್ಬಿಯ ಗಾಳಿ ಹೋಗಿದ್ದರೆ ಹಿಗ್ಗಿದ ನೀರಿಗೆ ಜಾಗವಿಲ್ಲ. 3 ಬಾರ್‌ಗೆ ಸೇಫ್ಟಿ ವಾಲ್ವ್ ತೆರೆದು ಹೊರಗಿನ ಗೋಡೆಯ ಸಣ್ಣ ತಾಮ್ರದ ಪೈಪಿನಿಂದ ನೀರು ಬಿಡುತ್ತದೆ. ತಣ್ಣಗಾದಾಗ ಪ್ರೆಶರ್ ಇಲ್ಲ. ನೀವು ಮತ್ತೆ ತುಂಬಿಸುತ್ತೀರಿ. ಪ್ರತಿ ಸಲವೂ ಹೊಸ ಆಮ್ಲಜನಕ ಒಳಗೆ, ಇನ್‌ಹಿಬಿಟರ್ ಹೊರಗೆ.

ಈ ಸುತ್ತು ಎಷ್ಟು ಮಾಮೂಲಿ ಎಂದರೆ, ರೆಡಿಂಗ್‌ನಲ್ಲಿರುವ ಗೆಳೆಯರೊಬ್ಬರು ದುಡ್ಡು ಸುರಿದು ಪವರ್ ಫ್ಲಶ್ ಮಾಡಿಸಿದರು, ಮರುವರ್ಷ ನೀರು ಮತ್ತೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪು. ಫ್ಲಶ್ ಮಾಡಲು ಬಂದವರು ವೆಸೆಲ್ ಮುಟ್ಟಿಯೇ ಇರಲಿಲ್ಲ. ವೆಸೆಲ್‌ಗೆ ಗಾಳಿ ತುಂಬಿಸಿ, ಸೋರುತ್ತಿದ್ದ ಸೇಫ್ಟಿ ವಾಲ್ವ್ ಬದಲಿಸಿದ ಮೇಲೆ ತುಂಬಿಸುವ ಕೆಲಸ ನಿಂತಿತು.

ಖಚಿತ ಮಾಡಿಕೊಳ್ಳಲು ಹೊರಗಿನ ತಾಮ್ರದ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಕಟ್ಟಿ. ಬೆಳಿಗ್ಗೆ ಚೀಲದಲ್ಲಿ ನೀರಿದ್ದರೆ ಉತ್ತರ ಸಿಕ್ಕಿತು. ನೋಡಿದ ಮೇಲೆ ಚೀಲ ತೆಗೆಯಲು ಮರೆಯಬೇಡಿ, ಆ ಪೈಪಿನ ಬಾಯಿ ಮುಚ್ಚಿರಬಾರದು.

ಚೀಲ ಒಣಗಿದ್ದರೆ ಹೀಗೆ ಮಾಡಿ. ರಾತ್ರಿ ಬಾಯ್ಲರ್ ಆಫ್ ಮಾಡಿ, ತಣ್ಣಗಾದ ಮೇಲೆ, ಬಾಯ್ಲರ್ ಕೆಳಗಿರುವ ಹೀಟಿಂಗ್‌ನ ಎರಡೂ ವಾಲ್ವ್ (ನೀರು ಹೋಗುವುದು, ವಾಪಸ್ ಬರುವುದು) ಮುಚ್ಚಿ. ಬೆಳಿಗ್ಗೆ ಗೇಜ್ ಇಳಿದಿದ್ದರೆ ಸೋರಿಕೆ ಬಾಯ್ಲರ್ ಒಳಗೇ ಇದೆ, ಎಂಜಿನಿಯರ್ ಕರೆಯಿರಿ. ಇಳಿಯದೆ ನಿಂತು, ವಾಲ್ವ್ ತೆರೆದ ಕೂಡಲೇ ಬಿದ್ದರೆ ಸೋರಿಕೆ ಮನೆಯ ಪೈಪಿನಲ್ಲಿದೆ. ವಾಲ್ವ್‌ಗಳ ಬುಡದಲ್ಲಿ ಹಸಿರು ಅಥವಾ ಬಿಳಿ ಪುಡಿ, ಕಾರ್ಪೆಟ್ ಮೇಲೆ ಕಂದು ಕಲೆ, ಕೆಳಗಿನ ಸೀಲಿಂಗ್‌ನಲ್ಲಿ ಹಳದಿ ವೃತ್ತ ಹುಡುಕಿ. ಸಣ್ಣ ಸೋರಿಕೆಯಾದರೆ ಬಿಸಿ ಪೈಪಿನ ಮೇಲೇ ನೀರು ಆವಿಯಾಗಿ ಒದ್ದೆ ಕಾಣುವುದೇ ಇಲ್ಲ, ಪುಡಿ ಮಾತ್ರ ಉಳಿಯುತ್ತದೆ.

ಫಿಲ್ಲಿಂಗ್ ಲೂಪ್ ಕೂಡ ನೋಡಿ. ನಲ್ಲಿ ನೀರನ್ನು ಹೀಟಿಂಗ್‌ಗೆ ಸೇರಿಸುವ, ಹೆಣೆದ ಉಕ್ಕಿನ ಕೊಳವೆ ಅದು. ತುಂಬಿಸಿದ ಮೇಲೆ ವಾಲ್ವ್ ಮುಚ್ಚಿ ಕೊಳವೆ ಬಿಚ್ಚಿಡಬೇಕು, ಇಲ್ಲಿನ ನೀರಿನ ನಿಯಮವೂ ಅದನ್ನೇ ಹೇಳುತ್ತದೆ. ಯಾರೋ ವಾಲ್ವನ್ನು ಸ್ವಲ್ಪ ತೆರೆದೇ ಬಿಟ್ಟಿದ್ದರೆ ಸೋರಿದಷ್ಟೂ ಹೊಸ ನೀರು ತಾನೇ ತುಂಬಿಕೊಳ್ಳುತ್ತದೆ. ಗೇಜ್ ಇಳಿಯುವುದೇ ಇಲ್ಲ. ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಒಳಗೆ ಕೆಂಪು ತುಕ್ಕು ಬೆಳೆಯುತ್ತಿರುತ್ತದೆ.

ಲಾಫ್ಟ್‌ನಲ್ಲಿ ಸಣ್ಣ ಟ್ಯಾಂಕ್ ಇದ್ದರೆ

ಇದು ಹಳೆಯ ಓಪನ್ ವೆಂಟ್ ವ್ಯವಸ್ಥೆ. ಇಲ್ಲಿ ಗಾಳಿ ಸೇರಲು ಬಾಗಿಲೇ ತೆರೆದಿದೆ. ಟ್ಯಾಂಕ್ ಮೇಲೆ ಬಾಗಿದ ಒಂದು ಪೈಪು ಇರುತ್ತದೆ. ಪಂಪ್ ಓಡುವಾಗ ಅದರಿಂದ ನೀರು ಟ್ಯಾಂಕಿಗೆ ಬೀಳಬಾರದು. ಬೀಳುತ್ತಿದ್ದರೆ ಇಡೀ ಮನೆಯ ಬಿಸಿನೀರು ಗಾಳಿಯಲ್ಲಿ ಸ್ನಾನ ಮಾಡಿಕೊಂಡು ವಾಪಸ್ ಹೋಗುತ್ತಿದೆ ಎಂದರ್ಥ. ಟ್ಯಾಂಕ್ ನೀರು ಬೆಚ್ಚಗೆ, ಕೆಂಪಗೆ ಇದ್ದರೂ ಅದೇ ಅನುಮಾನ. ಇಂಥ ಮನೆಯಲ್ಲಿ ಯಾವ ಇನ್‌ಹಿಬಿಟರ್ ಕೂಡ ಬಹಳ ಕಾಲ ತಡೆಯುವುದಿಲ್ಲ.

ಉಲ್ಟಾ ಕೂಡ ಆಗಬಹುದು. ಆ ಪೈಪಿನ ಬಾಯಿಯನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ ಹಿಡಿದು, ಕೆಳಗೆ ಯಾರಿಗಾದರೂ ಪಂಪ್ ಆನ್ ಮಾಡಲು ಹೇಳಿ. ಲೋಟದ ನೀರು ಮೇಲಕ್ಕೆ ಎಳೆದುಕೊಂಡರೆ ಪೈಪು ಗಾಳಿ ಹೀರುತ್ತಿದೆ.

ಎರಡಕ್ಕೂ ಸಾಮಾನ್ಯ ಕಾರಣ, ಟ್ಯಾಂಕಿನಿಂದ ಇಳಿಯುವ ಪೈಪು ಸೇರುವ ಜಾಗದಲ್ಲಿ ಕೆಸರು ಕಟ್ಟಿರುವುದು. ಅದನ್ನು ಪತ್ತೆ ಮಾಡುವುದು ಖುಷಿಯ ಕೆಲಸ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಅಲ್ವಾ? ಆ ತಾಮ್ರದ ಪೈಪಿನ ಉದ್ದಕ್ಕೂ ಅಯಸ್ಕಾಂತ ಸರಿಸುತ್ತಾ ಹೋಗಿ. ಎಲ್ಲಿ ಅಂಟುತ್ತದೋ ಅಲ್ಲಿ ಒಳಗೆ ಮ್ಯಾಗ್ನೆಟೈಟ್ ಗಟ್ಟಿಯಾಗಿ ಕೂತಿದೆ. ಆ ತುಂಡು ಕತ್ತರಿಸಿ ಹೊಸದು ಹಾಕಿಸಿ. ಫ್ಲಶ್‌ಗೆ ಅದು ಜಗ್ಗುವುದು ಕಷ್ಟ. ಬಾಯ್ಲರ್‌ಗೆ ಒಪ್ಪುವುದಾದರೆ ವ್ಯವಸ್ಥೆಯನ್ನೇ ಸೀಲ್ಡ್ ಮಾಡಿಸುವುದು ನನ್ನ ಲೆಕ್ಕದಲ್ಲಿ ಇನ್ನೂ ಒಳ್ಳೆಯದು.

ದಾರಿ ಮುಚ್ಚಿದ ಮೇಲೆ ತೊಳೆಯುವುದು, ತುಂಬಿಸುವುದು

ಒಂದೆರಡು ರೇಡಿಯೇಟರ್ ಮಾತ್ರ ಕಟ್ಟಿದ್ದರೆ ಅವನ್ನೇ ಬಿಚ್ಚಿ ಹೊರಗೆ ತೊಳೆಯುವುದು ಅಗ್ಗ. ಎಲ್ಲ ಕಡೆ ಕೆಸರಿದ್ದರೆ ಕ್ಲೀನರ್ ಹಾಕಿ ಓಡಿಸಿ ಫ್ಲಶ್ ಮಾಡಬೇಕು. ಹಳೆಯ ತೆಳು ರೇಡಿಯೇಟರ್‌ಗಳಿಗೆ ಆಮ್ಲ ಇರುವ ಖಡಕ್ ಕ್ಲೀನರ್ ಬೇಡ. ತೂತನ್ನು ಮುಚ್ಚಿ ಹಿಡಿದಿದ್ದ ತುಕ್ಕು ಕರಗಿದರೆ ಸೋರಲು ಶುರುವಾಗುತ್ತದೆ. ಮೆದು ಕ್ಲೀನರ್ ಹಾಕಿ, ಲೇಬಲ್ ಹೇಳಿದಷ್ಟು ದಿನ ಓಡಿಸಿ, ಪೂರ್ತಿ ಹೊರಗೆ ತೆಗೆಯಿರಿ. ಒಳಗೆ ಉಳಿದ ಕ್ಲೀನರ್ ತಾನೇ ಲೋಹ ತಿನ್ನಬಹುದು.

ತೊಳೆದದ್ದು ಸಾಕಾ ಎಂದು ಬರೀ ಕಣ್ಣಿಂದ ಹೇಳಲಾಗದು. ಇಲ್ಲಿ ನಮ್ಮ ಊರಿನ ಆರ್‌ಒ ನೀರು ಅಳೆಯುವ ಟಿಡಿಎಸ್ ಪೆನ್ ಕೆಲಸಕ್ಕೆ ಬರುತ್ತದೆ. ನಲ್ಲಿ ನೀರು ಅಳೆಯಿರಿ, ಹೊರಬರುವ ನೀರು ಅಳೆಯಿರಿ. ಎರಡರ ವ್ಯತ್ಯಾಸ 10 ಶೇಕಡಾ ಒಳಗೆ ಬರುವವರೆಗೆ ಫ್ಲಶ್ ನಿಲ್ಲಿಸಬೇಡಿ. ಪವರ್ ಫ್ಲಶ್ ಮಾಡುವವರಿಗೂ ಈ ಅಳತೆ ತೋರಿಸಿ ಎಂದು ಕೇಳಿ. ಮುಖ ಸಿಂಡರಿಸಿದರೂ ಪರವಾಗಿಲ್ಲ.

ಇನ್‌ಹಿಬಿಟರ್ ಅಳತೆ ಬಾಟಲಿ ಮೇಲಿರುತ್ತದೆ. ದೊಡ್ಡ ಮನೆಗೆ ಒಂದು ಬಾಟಲಿ ಸಾಲದೇ ಹೋಗಬಹುದು. ಅರ್ಧ ಅಳತೆ ಹಾಕುವುದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ವಾಸಿ. ಎರಡು ಕಂಪನಿಯದು ಬೆರೆಸಬೇಡಿ. ಹಾಕಲು ಸುಲಭ ಜಾಗ ಮ್ಯಾಗ್ನೆಟಿಕ್ ಫಿಲ್ಟರ್, ಇಲ್ಲವೇ ಬಾತ್‌ರೂಮಿನ ಟವೆಲ್ ರೇಡಿಯೇಟರ್‌ನ ಮೇಲಿನ ಪ್ಲಗ್. ಆ ದಿನ ಕೆಲವು ಗಂಟೆ ಎಲ್ಲ ರೇಡಿಯೇಟರ್ ತೆರೆದು ಹೀಟಿಂಗ್ ಓಡಿಸಿ, ಔಷಧಿ ಎಲ್ಲ ಕಡೆ ಬೆರೆಯಲಿ. ಗೋಡೆಗೆ ಬಣ್ಣ ಬಳಿಯಲೆಂದು ರೇಡಿಯೇಟರ್ ಬಿಚ್ಚಿ ನೀರು ಚೆಲ್ಲಿದರೆ ಅದರಲ್ಲಿದ್ದ ಔಷಧಿಯೂ ಹೋಯಿತು. ಅಷ್ಟನ್ನು ಮತ್ತೆ ಸೇರಿಸಿ.

ಲಂಡನ್, ಕೆಂಟ್ ಕಡೆ ನೀರು ಗಡಸು. ಮನೆಗೆ ಉಪ್ಪು ಹಾಕುವ ವಾಟರ್ ಸಾಫ್ಟನರ್ ಇದ್ದರೆ ಹೀಟಿಂಗ್ ತುಂಬಿಸುವ ಮೊದಲು ಬಾಯ್ಲರ್ ಕೈಪಿಡಿ ಓದಿ. ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಂ ಆಗಿದ್ದರೆ ಸಾಫ್ಟನರ್ ನೀರು ಬೇಡ ಎನ್ನುವ ಕಂಪನಿಗಳಿವೆ. ಅಂಥ ನೀರಿನ ಪಿಎಚ್ ಬಿಸಿಯಾದಾಗ ಏರುತ್ತದೆ, 8.5 ದಾಟಿದರೆ ಅಲ್ಯೂಮಿನಿಯಂ ಕರಗಲು ಶುರು. ಸಾಫ್ಟನರ್‌ನ ಬೈಪಾಸ್ ತೆರೆದು ಗಡಸು ನೀರನ್ನೇ ತುಂಬಿಸಿ. ಒಂದು ಸಲದ ಸುಣ್ಣದಿಂದ ಆಗುವ ನಷ್ಟ ಅಷ್ಟಕ್ಕಷ್ಟೇ.

ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿ. ಬಾಯ್ಲರ್‌ಗೆ ವಾಪಸ್ ಬರುವ ಪೈಪಿನಲ್ಲಿ ಕೂರುತ್ತದೆ. ಅದು ತುಕ್ಕು ತಡೆಯುವುದಿಲ್ಲ, ಹುಟ್ಟಿದ್ದನ್ನು ಹಿಡಿದಿಡುತ್ತದೆ ಅಷ್ಟೇ. ಆದರೆ ರೋಗ ಮರಳಿದೆಯಾ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಫ್ಲಶ್ ಆದ ಹೊಸದರಲ್ಲಿ ಒಂದು ತಿಂಗಳಿಗೇ ಬಿಚ್ಚಿ ತೊಳೆಯಿರಿ, ಆಗ ಹಳೆಯ ಕೆಸರು ಬರುತ್ತದೆ. ವರ್ಷದ ನಂತರವೂ ಅಷ್ಟೇ ಬಂದರೆ ದಾರಿ ಇನ್ನೂ ಮುಚ್ಚಿಲ್ಲ, ಮೇಲಿನ ಪರೀಕ್ಷೆಗಳನ್ನು ಮತ್ತೆ ಮಾಡಿ.

ಬ್ರಿಟಿಷ್ ಮಾನದಂಡ ಬಿಎಸ್ 7593ರ 2019ರ ಆವೃತ್ತಿ ಪ್ರಕಾರ ಇನ್‌ಹಿಬಿಟರ್ ಮಟ್ಟವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಐದು ವರ್ಷಕ್ಕೊಮ್ಮೆ ಹೊಸದಾಗಿ ಹಾಕಬೇಕು, ಇಲ್ಲವೇ ನೀರನ್ನು ಪೂರ್ತಿ ಪರೀಕ್ಷೆಗೆ ಕಳಿಸಬೇಕು. ಬಾಡಿಗೆ ಮನೆಯವರು ಗಮನಿಸಿ: ಮಾಲೀಕರು ವರ್ಷಕ್ಕೊಮ್ಮೆ ಮಾಡಿಸುವ ಗ್ಯಾಸ್ ಸುರಕ್ಷತೆ ತಪಾಸಣೆ ಗ್ಯಾಸ್‌ಗೆ ಸಂಬಂಧಿಸಿದ್ದು, ರೇಡಿಯೇಟರ್ ನೀರನ್ನು ನೋಡಲೇಬೇಕೆಂದಿಲ್ಲ. ಅದನ್ನು ಬೇರೆಯಾಗಿ ಕೇಳಿ. ಸ್ವಂತ ಮನೆಯವರು ಸರ್ವಿಸ್ ದಿನ ಇನ್‌ಹಿಬಿಟರ್ ಅಳತೆಯನ್ನು ಲಾಗ್‌ಬುಕ್‌ನಲ್ಲಿ ಬರೆಸಿಕೊಳ್ಳಿ. ಕೆಸರಿನಿಂದ ಬಾಯ್ಲರ್ ಕೆಟ್ಟರೆ ವಾರಂಟಿ ಕೊಡದಿರಲು ಕಂಪನಿಗಳಿಗೆ ಅವಕಾಶ ಇರುತ್ತದೆ, ಆಗ ಕೈಯಲ್ಲಿರುವ ದಾಖಲೆ ಅದೊಂದೇ.

ಬಾತ್‌ರೂಮಿನ ರೇಡಿಯೇಟರ್ ಒಂದೇ ತುಕ್ಕು ಹಿಡಿದು, ನೀರು ತಿಳಿಯಾಗಿದ್ದು, ಪ್ರೆಶರ್ ನಿಂತಿದ್ದರೆ ಇದ್ಯಾವುದೂ ಬೇಡ. ಒದ್ದೆ ಟವೆಲ್ಲಿನ ನೀರು ಬಿದ್ದು ಬಣ್ಣ ಎದ್ದಿರುತ್ತದೆ. ಅದು ಹೊರಗಿನ ತುಕ್ಕು. ಆಳವಿಲ್ಲದಿದ್ದರೆ ಉಜ್ಜಿ ರೇಡಿಯೇಟರ್ ಪೇಂಟ್ ಹೊಡೆಯಿರಿ.